ಮನೆ ಬಾಗಿಲಿಗೆ ಬರುವ ವ್ಯಾನು

ದೊಡ್ಡಮಾದಪ್ಪನ ಕೊಟ್ಟಿಗೆಯಿಂದ ಚಿರತೆ ಮೇಕೆ ಹೊತ್ತುಕೊಂಡು ಹೋದದ್ದು ಏಪ್ರಿಲ್ ತಿಂಗಳಲ್ಲಿ. ಸುದ್ದಿ ಕೇಳಿದ ದಿನವೇ ಯಶೋದ ತನ್ನ ಮಗಳನ್ನು ಊರಿನ ಸರ್ಕಾರಿ ಶಾಲೆಗೆ ಸೇರಿಸುವುದಿಲ್ಲವೆಂದು ತೀರ್ಮಾನಿಸಿಬಿಟ್ಟಳು.

ಅವರ ಮನೆ ಅಜ್ಜೀಪುರದ ಆಚೆ, ಬೆಟ್ಟಕ್ಕೆ ಹೋಗುವ ಟಾರು ರಸ್ತೆಯ ಪಕ್ಕದ ಹೊಲದಲ್ಲಿತ್ತು. ಊರು ಇದ್ದದ್ದು ಒಳಗೆ, ಒಂದೂವರೆ ಕಿಲೋಮೀಟರು ದೂರ. ನಡುವೆ ಕಾಲುದಾರಿ. ದಾರಿಯ ಎರಡೂ ಕಡೆ ಮುಸುಕಿನ ಜೋಳದ ಹೊಲಗಳು, ಅರ್ಧ ದಾರಿಯಲ್ಲಿ ಒಂದು ಹಳ್ಳ, ಹಳ್ಳ ದಾಟುವುದಕ್ಕೊಂದು ಸಣ್ಣ ಮೋರಿ. ಯಶೋದಳ ಅತ್ತೆ ಪುಟ್ಟಗೌರಮ್ಮ ಹದಿನಾಲ್ಕು ವರ್ಷದಿಂದ ಆ ದಾರಿಯಲ್ಲಿ ನಡೆದು ಹೋಗಿ ಶಾಲೆಯ ಮಕ್ಕಳಿಗೆ ಬಿಸಿಯೂಟ ಮಾಡಿ ಬಡಿಸಿ ಬರುತ್ತಿದ್ದಳು. ಆರು ತುಂಬಿದ ಮೊಮ್ಮಗಳು ರಾಣಿ ಜೂನಿನಿಂದ ತನ್ನ ಕೈ ಹಿಡಿದುಕೊಂಡು ಒಂದನೇ ಕ್ಲಾಸಿಗೆ ಬರುತ್ತಾಳೆಂದು ಊರಿಗೆಲ್ಲ ಹೇಳಿಯೂ ಆಗಿತ್ತು.

ಅವತ್ತು ಸಂಜೆ ಊಟಕ್ಕೆ ಕೂತಾಗ ಯಶೋದ ಮಾತು ತೆಗೆದಳು.

"ಹನೂರಿನ ಕಾನ್ವೆಂಟಿನ ವ್ಯಾನು ನಮ್ಮನೆ ಮುಂದ್ಲೇ ಓಯ್ತದ. ಬಾಗ್ಲಲ್ಲಿ ಅತ್ತುಸ್ಕಂಡು ಬಾಗ್ಲಲ್ಲೇ ಇಳುಸ್ತಾರ."

"ಹದ್ನಾಕು ವರ್ಸದಿಂದ ನಡೀತಿವ್ನಿ," ಎಂದಳು ಪುಟ್ಟಗೌರಮ್ಮ. "ನನ್ನ ಯಾವ ಚಿರ್ತೆ ತಿಂದದ?"

"ಆರು ವರ್ಸದ ಕೂಸು ಮೇಕೆಗಿಂತ ಎತ್ರ ಇದ್ದದಾ ಅತ್ತೆ?"

ಪುಟ್ಟಗೌರಮ್ಮ ಮಗನ ಕಡೆ ನೋಡಿದಳು. ಮಾದೇಶ ಕೊಳ್ಳೇಗಾಲದ ಕಬ್ಬಿಣದ ಅಂಗಡಿಯಲ್ಲಿ ಕೆಲಸಕ್ಕಿದ್ದ. ಬೆಳಿಗ್ಗೆ ಆರೂವರೆ ಬಸ್ಸಿಗೆ ಹೊರಟರೆ ಮತ್ತೆ ಬರುವುದು ಕತ್ತಲಾದ ಮೇಲೆ. ಅವನು ರಾಗಿ ಮುದ್ದೆಯನ್ನು ಸಾರಿಗೆ ಅದ್ದಿ ನುಂಗಿ ಹೇಳಿದ.

"ಅವ್ವ, ಚಿರ್ತೆ ಒಂದೇ ಅಲ್ಲ. ಅಂಗ್ಡಿಗೆ ಬರೋ ಇಂಜಿನಿಯರ್‌ಗಳು ಇಂಗ್ಲಿಸಲ್ಲಿ ಲಿಸ್ಟು ಯೋಳ್ತರ. ನಾನು ಅವರ ಬಾಯೇ ನೋಡ್ಕಂಡು ನಿಂತ್ಕತೀನಿ. ನನ್ನ ಮಗಳು ಅಂಗ್ ನಿಂತ್ಕಬಾರ್ದು."

"ಶಾಲೇಲಿ ಇರೋದೇ ಒಂಬತ್ತು ಐಕ ಕಣ್ಲಾ. ರಾಣಿ ಬಂದ್ರೆ ಹತ್ತು. ಹತ್ತೂ ಇಲ್ದಿದ್ರೆ ಬಾಗ್ಲಾಕ್ತಾರೇನೋ ಅಂತ ಮೇಷ್ಟ್ರಿಗೆ ದಿಗಿಲು. ಮನೆ ಕೂಸ್ನೇ ಕಳುಸ್ದೆ ನಾನ್ಯಾವ ಮೊಕ ಇಟ್ಕಂಡು ಊರೋರ ಐಕಳ್ನ ಕೇಳ್ಲಿ?"

"ನಿಮ್ಮ ಶಾಲೆ ಲೆಕ್ಕ ತುಂಬಕ್ಕಾ ನಾನು ಕೂಸು ಹೆತ್ತಿರದು?" ಎಂದಳು ಯಶೋದ.

ರಾಣಿ ಅಜ್ಜಿಯ ತಟ್ಟೆಯಿಂದ ಅವರೆಕಾಳು ಆರಿಸಿ ತಿನ್ನುತ್ತಿದ್ದಳು.

ಖಾಸಗಿ ಶಾಲೆಯಲ್ಲಿ ಬಡವರ ಮಕ್ಕಳಿಗೆ ಆರ್‌ಟಿಇ ಸೀಟು ಅಂತ ಇರುತ್ತದೆ, ಫೀಸೆಲ್ಲ ಸರ್ಕಾರವೇ ಕೊಡುತ್ತದೆ ಎಂದು ಯಾರೋ ಹೇಳಿದ್ದರು. ಯಶೋದ ಆಧಾರು, ಜಾತಿ, ಆದಾಯದ ಕಾಗದಗಳನ್ನೆಲ್ಲ ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಹನೂರಿನ ಬಿಇಒ ಆಫೀಸಿಗೆ ಹೋದಳು. ಗುಮಾಸ್ತ ಒಳ್ಳೆಯವನು. ಕೂರಿಸಿ, ಅರ್ಜಿ ನೋಡಿ, ಊರಿನ ಹೆಸರು ಕೇಳಿ ತಲೆಯಾಡಿಸಿದ.

"ನಿಮ್ಮೂರಲ್ಲಿ ಸರ್ಕಾರಿ ಸ್ಕೂಲ್ ಇದೆಯಲ್ಲಮ್ಮ. ಅದು ಇರೋವರೆಗೂ ಪ್ರೈವೇಟಲ್ಲಿ ಫ್ರೀ ಸೀಟು ಬರಲ್ಲ."

"ಆ ದಾರೀಲಿ ಚಿರ್ತೆ ಓಡಾಡ್ತದ ಸಾ."

"ಅದಕ್ಕೆ ಫಾರ್ಮಲ್ಲಿ ಜಾಗ ಇಲ್ಲಮ್ಮ," ಎಂದ ಅವನು, ಬೇಜಾರಿನಿಂದಲೇ.

ಮನೆಗೆ ಬಂದವಳೇ ಯಶೋದ ಕಾಗದದ ಕವರನ್ನು ಅತ್ತೆಯ ಮುಂದೆ ಇಟ್ಟು, "ಒಂಬತ್ತು ಐಕಳ ಆ ಶಾಲೆ ಇಲ್ದೆ ಇದ್ದಿದ್ರೆ ನನ್ನ ಕೂಸಿಗೆ ಸೀಟು ಸಿಕ್ತಿತ್ತು," ಎಂದಳು. ಪುಟ್ಟಗೌರಮ್ಮ ಎರಡು ದಿನ ಸೊಸೆಯ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ಹಸು ಕರೆಯುವ ಹೊತ್ತಿಗೆ ಕರುವನ್ನು ಹಿಡಿದುಕೊಳ್ಳಬೇಕಾಗಿ ಬಂದು, ಮಾತು ತಾನಾಗಿಯೇ ಶುರುವಾಯಿತು. ಹಾಲಿನ ದುಡ್ಡು ವ್ಯಾನಿಗೆ, ಮಾದೇಶನ ಸಂಬಳದಲ್ಲಿ ಒಂದು ಪಾಲು ಫೀಸಿಗೆ ಎಂದು ಗಂಡ ಹೆಂಡತಿ ಮಾತಾಡಿಕೊಂಡರು.

ಜೂನ್ ಮೊದಲ ವಾರ ರಾಣಿ ಕೆಂಪು ಟೈ ಕಟ್ಟಿಕೊಂಡು, ಬೆರಳು ಒತ್ತುವ ಹೊಸ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಳು. ಮಾದೇಶ ಅವತ್ತೊಂದು ದಿನ ತಡವಾಗಿ ಕೆಲಸಕ್ಕೆ ಹೋದ. ಮಗಳ ಫೋಟೋ ಹೊಡೆದು ಫೋನಿನ ಸ್ಟೇಟಸ್ಸಿಗೆ ಹಾಕಿದ. ವ್ಯಾನಿನ ಡ್ರೈವರ್ ಮಾರ್ಟಳ್ಳಿಯ ಚಿನ್ನಸ್ವಾಮಿ, ತಮಿಳು ಕನ್ನಡ ಬೆರೆಸಿ ಮಾತಾಡುವವನು. "ವಾ ಕಣ್ಣು, ನನ್ನ ಹಿಂದಿನ ಸೀಟೇ ನಿಂಗೆ," ಎಂದು ಎತ್ತಿ ಕೂರಿಸಿಕೊಂಡ. ವ್ಯಾನಿನ ಬಾಗಿಲು ಮುಚ್ಚಿದ ಸದ್ದು ಕೇಳಿದಾಗ ಯಶೋದಳಿಗೆ ಎರಡು ತಿಂಗಳಲ್ಲಿ ಮೊದಲ ಸಲ ಎದೆ ಹಗುರಾಯಿತು. ಪುಟ್ಟಗೌರಮ್ಮ ಹಿತ್ತಲಲ್ಲಿ ಕಿತ್ತ ನುಗ್ಗೆಸೊಪ್ಪನ್ನು ಚೀಲಕ್ಕೆ ತುಂಬಿಕೊಂಡು ಒಬ್ಬಳೇ ಕಾಲುದಾರಿ ಹಿಡಿದಳು. ಜೋಳ ಆಗಿನ್ನೂ ಮೊಣಕಾಲೆತ್ತರ.

ಹದಿನೈದು ದಿನ ಕಳೆದಿರಬಹುದು. ಒಂದು ಸಂಜೆ ಪುಟ್ಟಗೌರಮ್ಮ ಮೊಮ್ಮಗಳ ಬ್ಯಾಗು ಬಿಚ್ಚಿ ನೀರಿನ ಬಾಟಲಿ ತೆಗೆದಳು.

"ಯಶೋದ, ಬಾಟ್ಲಿ ತುಂಬ್ದಂಗೇ ಅದ. ಕೂಸು ನೀರೇ ಕುಡ್ದಿಲ್ಲ."

"ಅಲ್ಲಿ ಫಿಲ್ಟರ್ ನೀರು ಕೊಡ್ತಾರ ಅತ್ತೆ."

ಮಾರನೆಯ ದಿನವೂ ಬಾಟಲಿ ತುಂಬಿಯೇ ಇತ್ತು. ವ್ಯಾನಿಂದ ಇಳಿದ ರಾಣಿ ಬ್ಯಾಗನ್ನು ಅಂಗಳದಲ್ಲೇ ಬಿಸಾಕಿ ಕೊಟ್ಟಿಗೆಯ ಹಿಂದಕ್ಕೆ ಓಡುವುದನ್ನು ಪುಟ್ಟಗೌರಮ್ಮ ನಾಲ್ಕೈದು ದಿನ ಗಮನಿಸಿದಳು. ಕೊನೆಗೆ ಸೊಸೆಯನ್ನು ಕೇಳಿಯೇಬಿಟ್ಟಳು.

"ಇಳಿದೇಟ್ಗೆ ಒಂದಕ್ಕೆ ಓಡ್ತದಲ್ಲ ಕೂಸು, ನೋಡಿದ್ದಿಯಾ? ಅಲ್ಲಿ ಬುಡಾಕಿಲ್ವಾ?"

"ಆ ಸ್ಕೂಲಲ್ಲಿ ತಪ್ಪು ಹುಡುಕೋದೇ ಆಯ್ತಲ್ಲ ನಿಮ್ಗೆ. ಒಳ್ಳೆ ಟೈಲ್ಸ್ ಹಾಕ್ಸಿರೋ ಬಾತ್‌ರೂಮ್ ಅದ. ನಾನೇ ನೋಡ್ಕಂಡು ಬಂದಿವ್ನಿ."

ಯಶೋದ ಅತ್ತೆಗೆ ಹೇಳದ ಮಾತೊಂದಿತ್ತು. ರಾಣಿ ಹಾಸಿಗೆಯಲ್ಲಿ ಒದ್ದೆ ಮಾಡಿಕೊಳ್ಳತೊಡಗಿದ್ದಳು. ಮೂರನೇ ವರ್ಷಕ್ಕೇ ಬಿಟ್ಟುಹೋಗಿದ್ದ ಅಭ್ಯಾಸ ಅದು. ಅತ್ತೆ ಏಳುವ ಮೊದಲೇ ಎದ್ದು ಕೌದಿ ಜಾಲಿಸಿ, ಹುಲ್ಲಿನ ಮೆದೆಯ ಹಿಂದೆ ಯಾರಿಗೂ ಕಾಣದಂತೆ ಹರವುತ್ತಿದ್ದಳು. ಒಂದು ಬೆಳಿಗ್ಗೆ ಸಿಟ್ಟು ತಡೆಯದೆ ಮಗಳ ತೊಡೆಗೆ ಎರಡು ಬಾರಿಸಿಯೂ ಇದ್ದಳು. ಅತ್ತೆಗೆ ಗೊತ್ತಾದರೆ ಊರಿಗೆಲ್ಲ ಗೊತ್ತಾಗುತ್ತದೆ, ಕಾನ್ವೆಂಟು ಬಿಡಿಸುವುದಕ್ಕೆ ನೆಪ ಸಿಗುತ್ತದೆ ಎಂಬ ಭಯ ಅವಳಿಗೆ.

"ಸ್ಕೂಲು ಹೆಂಗದ ಮಗ?" ಎಂದು ಮಾದೇಶ ದಿನಾ ಕೇಳುತ್ತಿದ್ದ.

"ಚೆನ್ನಾಗದ," ಎನ್ನುತ್ತಿದ್ದಳು ರಾಣಿ. ಅದರ ಮೇಲೆ ಒಂದು ಮಾತೂ ಇಲ್ಲ. ಮೊದಲಾದರೆ ಅಂಗನವಾಡಿಯಿಂದ ಬಂದು ತಲೆ ಚಿಟ್ಟು ಹಿಡಿಯುವ ಹಾಗೆ ಮಾತಾಡುತ್ತಿದ್ದ ಹುಡುಗಿ ಅದು.

ಜುಲೈ ಮಧ್ಯದಲ್ಲಿ ಜೋಳ ಎದೆಮಟ್ಟ ಬೆಳೆಯಿತು. ಒಂದು ಬೆಳಿಗ್ಗೆ ಎಂಟೂಕಾಲರ ಹೊತ್ತಿಗೆ ಪುಟ್ಟಗೌರಮ್ಮ ಮೋರಿಯ ಹತ್ತಿರ ಬಂದಾಗ ಕಟ್ಟೆಯ ಮೇಲೆ ಯಾರೋ ಕಂಬಳಿ ಬಿಟ್ಟುಹೋಗಿದ್ದಾರೆ ಎನ್ನಿಸಿತು. ಹತ್ತು ಮಾರು ದೂರಕ್ಕೆ ಬಂದ ಮೇಲೆ ಅದು ತಲೆ ಎತ್ತಿತು. ಚಿರತೆ ಅವಳನ್ನೇ ನೋಡಿತು. ಅವಳು ನಿಂತಲ್ಲೇ ನಿಂತಳು. ಎಷ್ಟು ಹೊತ್ತು ಹಾಗೆ ನಿಂತಿದ್ದಳೋ. ಅದು ನಿಧಾನವಾಗಿ ಎದ್ದು ಮೈಮುರಿದು ಜೋಳದೊಳಗೆ ಇಳಿಯಿತು. ಅಷ್ಟು ದೊಡ್ಡ ಪ್ರಾಣಿ ಒಳಗೆ ಹೋದರೂ ಒಂದು ಗರಿ ಸದ್ದು ಮಾಡಲಿಲ್ಲ.

ಶಾಲೆ ಮುಟ್ಟಿದಾಗ ಅವಳ ಸೀರೆ ಮಂಡಿಯವರೆಗೆ ಒದ್ದೆಯಾಗಿತ್ತು. ಹಳ್ಳದಲ್ಲಿ ಜಾರಿದೆ ಎಂದು ಮೇಷ್ಟ್ರು ಮಹದೇವಯ್ಯನವರಿಗೆ ಹೇಳಿದಳು. ಅಕ್ಕಿ ತೊಳೆಯುವಾಗ ಅರ್ಧ ಅಕ್ಕಿ ನೆಲಕ್ಕೆ ಬಿತ್ತು.

"ಗೌರಮ್ಮೋರೆ, ಮೈ ಸರಿ ಇಲ್ವಾ?"

"ಏನಿಲ್ಲ ಸಾ. ವಯಸ್ಸಾಯ್ತಲ್ಲ."

ಮನೆಯಲ್ಲೂ ಹೇಳಲಿಲ್ಲ. ಹೇಳಿದರೆ ಯಶೋದ ಹೇಳಿದ್ದೇ ಸರಿ ಎಂದಾಗುತ್ತದೆ. ಊರಲ್ಲಿ ಸುದ್ದಿಯಾದರೆ ಊರಂಚಿನ ಮನೆಯವರು ತಮ್ಮ ಇಬ್ಬರು ಮಕ್ಕಳನ್ನೂ ವ್ಯಾನಿಗೆ ಹತ್ತಿಸುತ್ತಾರೆ, ಆಮೇಲೆ ಶಾಲೆಯಲ್ಲಿ ಉಳಿಯುವುದು ಏಳೇ. ಮಾರನೆಯ ದಿನದಿಂದ ಅವಳು ದಾರಿಯುದ್ದಕ್ಕೂ ಸ್ಟೀಲಿನ ತಟ್ಟೆಗೆ ಸೌಟು ಬಡಿಯುತ್ತಾ ಹೋಗತೊಡಗಿದಳು. ಎದುರಿಗೆ ಸಿಕ್ಕವರು ಕೇಳಿದರೆ, "ಹಾವಿಗೆ ಕಣ್ರಿ," ಎನ್ನುತ್ತಿದ್ದಳು.

ಆಗಸ್ಟಿನ ಮೊದಲ ಶುಕ್ರವಾರ ರಾಣಿ ವ್ಯಾನಿಂದ ಇಳಿದವಳು ಕೊಟ್ಟಿಗೆಯ ಹಿಂದೆ ಓಡಲಿಲ್ಲ. ಚಿನ್ನಸ್ವಾಮಿಯೇ ಎತ್ತಿಕೊಂಡು ಬಂದ.

"ಅಮ್ಮ, ಪಾಪು ಮೈ ಕಾಯ್ತಾ ಇದೆ. ದಾರಿಯೆಲ್ಲ ನಡುಗ್ತಾ ಇತ್ತು."

ಅಜ್ಜೀಪುರದಲ್ಲಿ ಕೊಡಿಸಿದ ಔಷಧಿಗೆ ಜ್ವರ ಇಳಿದು ಮತ್ತೆ ಏರಿತು. ಭಾನುವಾರ ಮಗು ಸೊಂಟ ಹಿಡಿದುಕೊಂಡು ಕೂಗತೊಡಗಿತು. ಮಾದೇಶ, ಯಶೋದ, ಪುಟ್ಟಗೌರಮ್ಮ ಮೂವರೂ ಆಟೋ ಮಾಡಿಕೊಂಡು ಕೊಳ್ಳೇಗಾಲದ ಆಸ್ಪತ್ರೆಗೆ ಹೋದರು. ಡಾಕ್ಟರಮ್ಮ ಪರೀಕ್ಷೆಗಳನ್ನು ಮಾಡಿಸಿ, ಗ್ಲೂಕೋಸು ಹಾಕಿಸಿ, ಮಂಚದ ಅಂಚಿಗೆ ಕೂತರು.

"ಮೂತ್ರದ ಸೋಂಕು. ಮೇಲಕ್ಕೆ ಹೋಗಿ ಕಿಡ್ನಿಗೆ ಮುಟ್ಟಿದೆ. ಸರಿಯಾದ ಹೊತ್ತಿಗೆ ಬಂದಿದ್ದೀರಿ, ವಾಸಿಯಾಗುತ್ತೆ. ಮಗು ನೀರು ಕುಡಿಯಲ್ವಾ? ಒಂದಕ್ಕೆ ಹೋಗದೆ ತಡ್ಕೊಳ್ತಾಳಾ?"

ಡಾಕ್ಟರಮ್ಮ ರಾಣಿಯ ಕೂದಲು ಸರಿಸಿ ಕೇಳಿದರು. "ಸ್ಕೂಲಲ್ಲಿ ಯಾಕೆ ಹೋಗಲ್ಲ ಪುಟ್ಟಿ?"

"ಇಂಗ್ಲಿಸಲ್ಲಿ ಕೇಳ್ಬೇಕು."

"ಬರಲ್ವಾ ನಿಂಗೆ?"

"ಮೇ ಐ ಅಂತ ಬತ್ತದ. ಆಮೇಕಿಂದು ಮರ್ತೋಯ್ತದ." ರಾಣಿ ಅಮ್ಮನ ಮುಖ ನೋಡಿ, ಹೇಳಬಹುದೋ ಬಾರದೋ ಎಂದು ತಡೆದು, ಮತ್ತೆ ಹೇಳಿದಳು. "ಒಂದಿನ ಕನ್ನಡದಲ್ಲಿ ಕೇಳ್ದೆ. ಎಲ್ಲಾ ನಕ್ಕುದ್ರು. ಸರ್ಯಾಗಿ ಕೇಳು ಅಂದ್ರು ಮಿಸ್ಸು. ಅದ್ಕೆ ನಾನು ನೀರೇ ಕುಡಿಯಕಿಲ್ಲ."

ಯಶೋದ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಹಾಸಿಗೆ ಒದ್ದೆಯಾಗುತ್ತಿದ್ದದ್ದನ್ನೂ ಕೌದಿ ಬಚ್ಚಿಟ್ಟದ್ದನ್ನೂ ಮಗಳಿಗೆ ಹೊಡೆದದ್ದನ್ನೂ ಎಲ್ಲರ ಮುಂದೆ ಹೇಳಿದಳು. ಆಮೇಲೆ ಅತ್ತೆಯ ಕೈ ಹಿಡಿದುಕೊಂಡಳು.

"ನೀವು ಯೋಳ್ದಾಗ್ಲೇ ಕೇಳ್ಬೇಕಾಗಿತ್ತು. ವಾಸಿಯಾದೇಟ್ಗೆ ನಿಮ್ಮ ಜೊತೇಲೇ ಶಾಲೆಗೆ ಕಳುಸ್ತೀನಿ ಅತ್ತೆ."

ನಾಲ್ಕು ತಿಂಗಳಿಂದ ಪುಟ್ಟಗೌರಮ್ಮ ಕಾದಿದ್ದ ಮಾತು ಅದು. ಅವಳು ಮೊಮ್ಮಗಳ ಹೊದಿಕೆ ಸರಿಮಾಡಿದಳು.

"ಅಜ್ಜಿ," ಎಂದಳು ರಾಣಿ. "ಅಲ್ಲೂ ಚಡ್ಡೀಲಿ ಮಾಡ್ಕಂಡ್ರೆ ನಗ್ತರಾ?"

"ಯಾರೂ ನಗಾಕಿಲ್ಲ ಮಗ."

"ದೊಡ್ಡೋಳಾದ್ಮೇಲೆ ಅಂಗೆ ಮಾಡ್ಕಬಾರ್ದು ಅಂತ ಅವ್ವ ಹೊಡೀತು."

"ದೊಡ್ಡೋರೂ ಮಾಡ್ಕತರ. ನಾನೂ ಮಾಡ್ಕಂಡಿವ್ನಿ, ನಿಂತಿದ್ದ ಜಾಗ್ದಲ್ಲೇ."

"ಯಾಕಜ್ಜಿ?"

ಪುಟ್ಟಗೌರಮ್ಮ ಮೊಮ್ಮಗಳ ಕಣ್ಣು ನೋಡಿದಳು, ಆಮೇಲೆ ಸೊಸೆಯದು. ಇನ್ನು ಮುಚ್ಚಿಡುವುದಕ್ಕೆ ಆಗಲಿಲ್ಲ.

"ಮೋರಿ ಮ್ಯಾಲೆ ಮನೀಕಂಡಿತ್ತು ಕಣವ್ವ ಚಿರ್ತೆ. ಮೂರು ವಾರಾಯ್ತು. ಇಲ್ಲಿಂದ ಆ ಗೋಡೆಗಿರೋಷ್ಟು ದೂರ."

ಯಶೋದ ಹಿಡಿದಿದ್ದ ಕೈಯನ್ನು ಬಿಟ್ಟಳು.

"ಮೂರು ವಾರ? ಮೂರು ವಾರದಿಂದ ಬಾಯ್ಮುಚ್ಕಂಡಿದ್ರಾ? ಆ ದಾರೀಲಿ ಹಾಲು ತಕಂಡು ಡೈರಿಗೆ ದಿನಾ ನಾನು ಓಯ್ತೀನಿ!"

"ನಿಂಗೆ ಸೊಪ್ಪಿಗೆ ಓಗ್ಬೇಡ, ಹಾಲು ಬಿಸಿಲೇರಿದ ಮ್ಯಾಲೆ ತಕಂಡೋಗು ಅಂತ ಅದೆಷ್ಟು ಕಿತ ಯೋಳ್ದೆ..."

"ಚಿರ್ತೆ ಅದ ಅಂತ ಯೋಳ್ದ್ರಾ? ಅದನ್ನ ಯೋಳ್ದ್ರಾ?"

"ಸಾಕು ನಿಲ್ಸಿ!" ಎಂದ ಮಾದೇಶ. ವಾರ್ಡಿನ ಬೇರೆ ಮಂಚದವರು ಇತ್ತ ತಿರುಗಿದ್ದರು. "ನೀನು ಕೌದಿ ಮುಚ್ಚಿಟ್ಟೆ, ಅವ್ವ ಚಿರ್ತೆ ಮುಚ್ಚಿಟ್ಳು. ನಾನು ದಿನಾ ಚೆನ್ನಾಗದಾ ಅಂತ ಕೇಳ್ಕಂಡು ಮನೀಕಂಡೆ. ಈಗ ಕೂಸು ಯಾವ ಶಾಲೆಗೆ ಓಗ್ಬೇಕು, ಅದ ಯೋಳಿ."

ಯಶೋದ ಎದ್ದು ಮಗಳ ಬಾಯಿಗೆ ನೀರಿನ ಲೋಟ ಹಿಡಿದಳು.

ರಾಣಿ ಆರು ದಿನ ಆಸ್ಪತ್ರೆಯಲ್ಲಿದ್ದಳು. ಮನೆಗೆ ಬಂದ ಮೇಲೆ ಗಂಡ ಹೆಂಡತಿ ಇಬ್ಬರೂ ಕಾನ್ವೆಂಟಿಗೆ ಹೋದರು. ರಾಣಿಯ ಮಿಸ್ಸು ಪ್ರೇಮಾ ಇಪ್ಪತ್ತೆರಡು ವರ್ಷದ ಹುಡುಗಿ, ಯಳಂದೂರಿನವಳು. ವಿಷಯ ಕೇಳಿ ಅವಳ ಕಣ್ಣು ತುಂಬಿದವು.

"ನಲವತ್ತಮೂರು ಮಕ್ಕಳು ಅಕ್ಕ. ಒಂದಿನ ಸರಿಯಾಗಿ ಕೇಳು ಅಂದಿದ್ದು ನಿಜ. ಅವಳು ಮನಸ್ಸಿಗೆ ಹಚ್ಕೊಂಡಿದ್ದು ಗೊತ್ತಾಗ್ಲಿಲ್ಲ." ಕಾರಿಡಾರಿನ ಆ ಕಡೆ ನೋಡಿ ದನಿ ತಗ್ಗಿಸಿದಳು. "ಕ್ಲಾಸಲ್ಲಿ ಕನ್ನಡ ಮಾತಾಡಿದ್ರೆ ನಂಗೂ ಬೈತಾರೆ."

ಪ್ರಿನ್ಸಿಪಾಲರು ಚಹಾ ತರಿಸಿದರು. ಕೇಡಿನ ಮನುಷ್ಯನಲ್ಲ.

"ರೂಲ್ ಸಡಿಲ ಮಾಡಿದ್ರೆ ಬೇರೆ ಪೇರೆಂಟ್ಸು ಜಗಳಕ್ಕೆ ಬರ್ತಾರೆ. ನೀವೂ ಇಂಗ್ಲಿಷ್‌ಗೇ ಅಲ್ವಾ ಇಲ್ಲಿಗೆ ಸೇರಿಸಿದ್ದು?"

ಮಾದೇಶ ಚಹಾದ ಲೋಟ ಹಿಡಿದುಕೊಂಡು ಅವರ ಬಾಯನ್ನೇ ನೋಡುತ್ತಾ ಕೂತ.

"ನನ್ನ ಕೂಸು ಒಂದಕ್ಕೆ ಓಗ್ಬೇಕು ಅಂದ್ರೆ ನಿಮ್ಗೆ ಅರ್ಥ ಆಗಾಕಿಲ್ವಾ ಸಾ?" ಎಂದಳು ಯಶೋದ.

"ಅರ್ಥ ಆಗುತ್ತಮ್ಮ."

"ಅಷ್ಟು ಆದ್ರೆ ಸಾಕಲ್ವಾ?"

ಒಂದು ತಿಂಗಳು ರಾಣಿ ಕೇಳದಿದ್ದರೂ ಹೊತ್ತುಹೊತ್ತಿಗೆ ಒಂದಕ್ಕೆ ಕಳಿಸುತ್ತೇವೆ, ಆಮೇಲೆ ಅವಳು ಕಲಿಯಲೇಬೇಕು ಎಂದರು ಪ್ರಿನ್ಸಿಪಾಲರು. ಯಶೋದ ಅದಕ್ಕೂ ಒಪ್ಪಿದಳು. ಅತ್ತೆ ಹೇಳಿದ ಮೋರಿಯ ಮೇಲಿನ ಚಿರತೆ ಅವಳ ಕಣ್ಣಿಂದ ಹೋಗಿರಲಿಲ್ಲ.

ಸೋಮವಾರ ಬೆಳಿಗ್ಗೆ ಟೈ ಕಟ್ಟುವವರೆಗೂ ರಾಣಿ ಸುಮ್ಮನಿದ್ದಳು. ರಸ್ತೆಯಲ್ಲಿ ಹಾರನ್ ಕೇಳಿದೇಟಿಗೆ ಮಂಚದ ಕಾಲನ್ನು ತಬ್ಬಿ ಹಿಡಿದಳು. ತಿಂದಿದ್ದ ದೋಸೆಯನ್ನೆಲ್ಲ ಯೂನಿಫಾರಮ್ಮಿನ ಮೇಲೆ ವಾಂತಿ ಮಾಡಿಕೊಂಡಳು. ಯಶೋದ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ನೋಡಿದಳು. ಎಲ್ಲವೂ ತಣ್ಣಗೆ ಸೆಟೆದುಕೊಂಡಿದ್ದವು. ಹಾರನ್ ಇನ್ನೊಮ್ಮೆ ಕೇಳಿಸಿತು.

ಯಶೋದ ಎದ್ದು ಹೊರಗೆ ಹೋದಳು. "ನೀವು ಓಗಿ ಅಣ್ಣ," ಎಂದಳು ಚಿನ್ನಸ್ವಾಮಿಗೆ. "ಇನ್ಮೇಲೆ ಇಲ್ಲಿ ನಿಲ್ಸ್ಬೇಡಿ."

ಮಾದೇಶ ಅರಣ್ಯ ಇಲಾಖೆಯವರಿಗೆ ಬರೆದುಕೊಟ್ಟ. ಅವರು ಬಂದು ಹಳ್ಳದ ಹತ್ತಿರ ಬೋನು ಇಟ್ಟು, ಒಳಗೊಂದು ನಾಯಿ ಕಟ್ಟಿ ಹೋದರು. ಪುಟ್ಟಗೌರಮ್ಮ ಮೇಷ್ಟ್ರಿಗೂ ಊರವರಿಗೂ ನಿಜ ಹೇಳಿದಳು. ಅವಳು ಹೆದರಿದ್ದ ಹಾಗೇ ಆಯಿತು, ಅಂಚಿನ ಮನೆಯವರು ಮಕ್ಕಳನ್ನು ಬಿಡಿಸಿಕೊಂಡರು. ರಾಣಿ ಸೇರಿದ ಮೇಲೆ ಶಾಲೆಯಲ್ಲಿ ಎಂಟು ಮಕ್ಕಳಾದರು. ಮುಂದಿನ ವರ್ಷ ಶಾಲೆ ಇರುತ್ತದೋ ಇಲ್ಲವೋ ಮಹದೇವಯ್ಯನವರಿಗೂ ಗೊತ್ತಿರಲಿಲ್ಲ.

ಯಶೋದ ಹಸು ಕರೆಯುವುದನ್ನು ಒಂದು ಗಂಟೆ ಮುಂದಕ್ಕೆ ಹಾಕಿಕೊಂಡಳು. ಬೆಳಿಗ್ಗೆ ಎಂಟಕ್ಕೆ ಮೂವರೂ ಹೊರಡುತ್ತಿದ್ದರು. ಮುಂದೆ ಹಾಲಿನ ಕ್ಯಾನು, ದೊಣ್ಣೆ ಹಿಡಿದ ಯಶೋದ. ಹಿಂದೆ ತಟ್ಟೆ ಬಡಿಯುವ ಪುಟ್ಟಗೌರಮ್ಮ. ನಡುವೆ ರಾಣಿ. ಇಬ್ಬರು ಹೆಂಗಸರೂ ದಾರಿಯಲ್ಲಿ ಮಾತಾಡುತ್ತಿರಲಿಲ್ಲ. ಸಿಟ್ಟು ಪೂರ್ತಿ ಆರಿರಲಿಲ್ಲ, ಮತ್ತೆ ಕಿವಿ ಜೋಳದ ಕಡೆಗೇ ಇರುತ್ತಿತ್ತು. ಜೋಳ ಈಗ ಆಳೆತ್ತರ ದಾಟಿತ್ತು. ಹದಿನೈದು ದಿನ ಕಳೆದರೂ ಬೋನಿಗೆ ಏನೂ ಬಿದ್ದಿರಲಿಲ್ಲ.

ಆಗಸ್ಟ್ ಕೊನೆಯ ಒಂದು ಬೆಳಿಗ್ಗೆ, ಮೋಡ ಮುಚ್ಚಿಕೊಂಡಿತ್ತು. ಮೋರಿ ದಾಟಿ ಹತ್ತು ಹೆಜ್ಜೆ ಇಟ್ಟಿರಬೇಕು, ರಾಣಿ ನಿಂತುಬಿಟ್ಟಳು.

"ಅವ್ವ, ಒಂದಕ್ಕೆ."

ಇಡೀ ದಾರಿಯಲ್ಲಿ ನಿಲ್ಲಬಾರದ ಜಾಗ ಅದು. ಇನ್ನೊಂಚೂರು ತಡ್ಕೊ ಮಗ, ಶಾಲೆ ಬಂದೇಬುಡ್ತು ಎಂಬ ಮಾತು ಯಶೋದಳ ನಾಲಿಗೆಯ ತುದಿಗೆ ಬಂತು. ಅವಳು ಅದನ್ನು ನುಂಗಿಕೊಂಡಳು. ಹಾಲಿನ ಕ್ಯಾನನ್ನು ನೆಲಕ್ಕಿಟ್ಟಳು.

"ಕೂತ್ಕೊ ಮಗ. ಇಲ್ಲೇ, ದಾರೀಲೇ."

ರಾಣಿ ಲಂಗ ಎತ್ತಿಕೊಂಡು ಕೂತಳು. ಯಶೋದ ಅವಳಿಗೆ ಬೆನ್ನು ಮಾಡಿ ಎಡಗಡೆಯ ಜೋಳಕ್ಕೆ ಎದುರಾಗಿ ನಿಂತಳು. ಪುಟ್ಟಗೌರಮ್ಮ ಏನೂ ಹೇಳದೆ ಬಂದು, ಮಗುವನ್ನು ನಡುವೆ ಬಿಟ್ಟು ಸೊಸೆಯ ಬೆನ್ನಿಗೆ ಬೆನ್ನು ಮಾಡಿ ಬಲಗಡೆಗೆ ಎದುರಾಗಿ ನಿಂತಳು. ತಟ್ಟೆ ಬಡಿಯಲು ಹೋಗಿ ಅವಳ ಕೈ ತಡೆಯಿತು. ಸದ್ದಿಗೆ ಮಗು ಬೆಚ್ಚಿ ಅರ್ಧಕ್ಕೇ ಎದ್ದುಬಿಡಬಾರದು. ಅಲ್ಲಿಯವರೆಗೆ ಬೊಗಳುತ್ತಿದ್ದ ಬೋನಿನೊಳಗಿನ ನಾಯಿ ಇದ್ದಕ್ಕಿದ್ದಂತೆ ಬೊಗಳುವುದನ್ನು ನಿಲ್ಲಿಸಿತು. ಜೋಳದ ಗರಿಗಳು ಒಮ್ಮೆ ಅಲ್ಲಾಡಿದವು. ಗಾಳಿಯೋ ಏನೋ, ಇಬ್ಬರಿಗೂ ಗೊತ್ತಾಗಲಿಲ್ಲ.

"ಆಯ್ತಾ ಮಗ?" ಎಂದಳು ಪುಟ್ಟಗೌರಮ್ಮ, ತಿರುಗಿ ನೋಡದೆ.

"ಇನ್ನೂ ಇಲ್ಲ ಅಜ್ಜಿ."

"ಅವಸ್ರ ಮಾಡ್ಬೇಡ," ಎಂದಳು ಯಶೋದ, ದೊಣ್ಣೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು. "ನಾವಿಲ್ಲೇ ನಿಂತಿರ್ತೀವಿ."